ಮುಂಬೈಗೆ ಒಬ್ಬಳು, ಮನೆಯಲ್ಲಿ ಒಬ್ಬ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಎರಡು ದಿನದ ಮಟ್ಟಿಗೆ ಒಂದು ದೊಡ್ಡ ಊರಿಗೆ ಹೋಗಿ ಬರಬೇಕಾ, ಬೇಡವಾ? ನಮ್ಮ ವಯಸ್ಸಿನ ಅಪ್ಪ ಅಮ್ಮಂದಿರು ಸೇರಿದ ಕಡೆಯೆಲ್ಲ ಈ ಮಾತು ಬರುತ್ತದೆ. ಸಿಗುವ ಉತ್ತರವೂ ಎರಡೇ. "ಹೋಗಿ, ಮಕ್ಕಳು ಹೊಂದಿಕೊಳ್ಳುತ್ತವೆ" ಅನ್ನುವವರು ಒಂದು ಕಡೆ. "ಈಗಲೇ ಯಾಕೆ, ಸ್ವಲ್ಪ ದೊಡ್ಡವರಾಗಲಿ" ಅನ್ನುವವರು ಇನ್ನೊಂದು ಕಡೆ. ಎರಡೂ ಉತ್ತರಗಳು ಮನೆಯ ಮಕ್ಕಳನ್ನೆಲ್ಲ ಒಟ್ಟು ಸೇರಿಸಿ ಕೊಟ್ಟವು. ಐದು ದಾಟಿದ ಹುಡುಗಿ ಮತ್ತು ಎರಡು ತುಂಬದ ಹುಡುಗ ಒಂದೇ ಮನೆಯಲ್ಲಿದ್ದರೂ, ಪ್ರಯಾಣದ ವಿಷಯದಲ್ಲಿ ಅವರಿಬ್ಬರೂ ಬೇರೆ ಬೇರೆ ಲೋಕದವರು. ಅವಳಿಗೊಂದು ಉತ್ತರ, ಅವನಿಗೊಂದು ಉತ್ತರ ಇರಬಹುದು ಅಂತ ಯಾಕೆ ಯಾರೂ ಹೇಳುವುದಿಲ್ಲ?

ನಮ್ಮದು ಬೆಂಗಳೂರು. ಇವರಿಗೆ ಜನವರಿಯಲ್ಲಿ ಮುಂಬೈಯಲ್ಲಿ ಆಫೀಸಿನ ಕೆಲಸ ಬಂತು. ಶುಕ್ರವಾರ ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ, ಶನಿವಾರ ಭಾನುವಾರ ಖಾಲಿ. "ನೀವೂ ಬಂದುಬಿಡಿ" ಅಂದರು. ನಾನು ತಕ್ಷಣ ಹೂಂ ಅನ್ನಲಿಲ್ಲ. ಆದರೆ ಆಸೆ ಮಾತ್ರ ಆ ಕ್ಷಣವೇ ಹುಟ್ಟಿತು. ಮಗ ಹುಟ್ಟಿದ ಮೇಲೆ ನಾವು ಊರು ಬಿಟ್ಟು ಹೋಗಿದ್ದೆಲ್ಲ ಮದುವೆ, ಮುಂಜಿ, ಹಬ್ಬಕ್ಕೆ. ಸುಮ್ನೆ ಒಂದು ಊರು ನೋಡಬೇಕು ಅಂತ ಹೊರಟಿದ್ದೇ ಇಲ್ಲ.

ಮೊದಲು ಬಂದ ಸಲಹೆ ದುಡ್ಡಿನದ್ದು. ಎರಡು ವರ್ಷ ತುಂಬುವ ತನಕ ವಿಮಾನದಲ್ಲಿ ಮಗುವಿಗೆ ಪೂರ್ತಿ ಟಿಕೆಟ್ ಬೇಡ. ಸಣ್ಣದೊಂದು ಮೊತ್ತ ಕಟ್ಟಿ ತೊಡೆಯ ಮೇಲೆ ಕೂರಿಸಿಕೊಂಡರೆ ಆಯಿತು. ಎರಡು ತುಂಬಿದ ದಿನದಿಂದ ಅದಕ್ಕೂ ಒಂದು ಸೀಟು, ಒಂದು ಟಿಕೆಟ್. "ಅವನಿಗೆ ಎರಡು ತುಂಬೋದರೊಳಗೆ ಹೋಗಿ ಬಂದುಬಿಡಿ, ಆಮೇಲೆ ಖರ್ಚು ಜಾಸ್ತಿ" ಅಂತ ಸುಮಾರು ಜನ ಹೇಳಿದರು. ಲೆಕ್ಕ ಸರಿಯೇ. ಆದರೆ ಟಿಕೆಟ್ ಉಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಮಗುವನ್ನು ಹೊರಡಿಸುವುದು ನನಗೆ ಒಗ್ಗಲಿಲ್ಲ. ತೊಡೆಯ ಮೇಲಿನ ಮಗುವಿಗೆ ಸೀಟಿಲ್ಲ ಅಂದರೆ, ಹತ್ತು ಹನ್ನೊಂದು ಕೆಜಿ ತೂಕದ, ಒಂದು ಕ್ಷಣ ಸುಮ್ಮನಿರದ ಹುಡುಗ ಸುಮಾರು ಎರಡು ಗಂಟೆ ನನ್ನ ಮೈಮೇಲೇ ಇರುತ್ತಾನೆ ಅಂತ ಅರ್ಥ. ಅದಕ್ಕೂ ಮೊದಲು ದೇವನಹಳ್ಳಿ ತಲುಪುವ ದಾರಿ ಇದೆ, ಚೆಕಿಂಗ್ ಸಾಲು ಇದೆ. ರೈಲು ಬೇಡವೇ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ ಹೆಚ್ಚು ಕಡಿಮೆ ಒಂದು ಹಗಲು ಒಂದು ರಾತ್ರಿ ತೆಗೆದುಕೊಳ್ಳುತ್ತದೆ. ವಾರಾಂತ್ಯವೆಲ್ಲ ಹಳಿಯ ಮೇಲೇ ಕಳೆದುಹೋಗುತ್ತದೆ.

ಎರಡನೇ ಮಾತು ನೆನಪಿನದ್ದು. "ಅಷ್ಟು ಚಿಕ್ಕ ಮಗುವಿಗೆ ಏನು ನೆನಪಿರುತ್ತೆ? ಸುಮ್ನೆ ದಂಡ." ಇದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ದೊಡ್ಡವರನ್ನು ಕೇಳಿದರೆ ಅವರ ಮೊಟ್ಟಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವಯಸ್ಸಿನದ್ದಾಗಿರುತ್ತದೆ. ಅದಕ್ಕಿಂತ ಹಿಂದಿನದು ಬಹುತೇಕ ಅಳಿಸಿ ಹೋಗಿರುತ್ತದೆ. ಇದು ಮನೋವಿಜ್ಞಾನದಲ್ಲಿ ನೂರು ವರ್ಷದಿಂದ ಚರ್ಚೆಯಲ್ಲಿರುವ ಸಂಗತಿ. ಆದರೆ ಅಳಿಸಿ ಹೋಗುವುದು ಯಾವಾಗ? ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. ಮೂರು ವರ್ಷದ ಮಕ್ಕಳು ಅಮ್ಮನ ಜೊತೆ ಆಗಷ್ಟೇ ನಡೆದ ಸಂಗತಿಗಳ ಬಗ್ಗೆ ಮಾತಾಡಿದ್ದನ್ನು ದಾಖಲಿಸಿಕೊಂಡರು. ಕೆಲವು ವರ್ಷ ಬಿಟ್ಟು ಅದೇ ಸಂಗತಿಗಳನ್ನು ಕೇಳಿದರು. ಐದರಿಂದ ಏಳು ವರ್ಷದ ತನಕ ಮಕ್ಕಳಿಗೆ ಅರ್ಧಕ್ಕಿಂತ ಹೆಚ್ಚು ನೆನಪಿತ್ತು. ಎಂಟು ಒಂಬತ್ತಕ್ಕೆ ಬರುವ ಹೊತ್ತಿಗೆ ಅದು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿದಿತ್ತು. ಅಂದರೆ ಪುಟ್ಟ ಮಕ್ಕಳಿಗೆ ನೆನಪು ಇರುವುದೇ ಇಲ್ಲ ಅನ್ನುವುದು ಸುಳ್ಳು. ಇರುತ್ತದೆ, ವರ್ಷಗಟ್ಟಲೆ ಇರುತ್ತದೆ, ಆಮೇಲೆ ಜಾರುತ್ತದೆ. ನನ್ನ ಮಗಳು ಮೂರರಲ್ಲಿ ನೋಡಿದ ಗೊಮ್ಮಟನ ಪಾದವನ್ನು ಇವತ್ತಿಗೂ ಕೈ ಅಗಲ ಮಾಡಿ ತೋರಿಸುತ್ತಾಳೆ. ಇನ್ನು ನಾಲ್ಕು ವರ್ಷಕ್ಕೆ ಅವಳಿಗೆ ಅದು ಮರೆತು ಹೋಗಬಹುದು. ಆದರೆ ಈ ನಡುವಿನ ವರ್ಷಗಳು ಅವಳ ಬದುಕಲ್ವಾ? ಆ ವರ್ಷಗಳಲ್ಲಿ ಅವಳು ಆ ಪಾದದ ಬಗ್ಗೆ ಮಾತಾಡಿದ್ದು, ಚಿತ್ರ ಬಿಡಿಸಿದ್ದು ಲೆಕ್ಕಕ್ಕಿಲ್ಲವಾ?

ಮಗನಿಗೆ ಮುಂಬೈ ನೆನಪಿರುವುದಿಲ್ಲ, ನಿಜ. ಹಾಗೆ ನೋಡಿದರೆ ನಾನು ದಿನಾ ರಾತ್ರಿ ತಟ್ಟಿ ಮಲಗಿಸುವುದೂ ಅವನಿಗೆ ನೆನಪಿರುವುದಿಲ್ಲ. ಅದಕ್ಕಾಗಿ ಯಾರೂ ತಟ್ಟುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ಅವನನ್ನು ಕರೆದೊಯ್ಯಬೇಕಾ ಅನ್ನುವುದನ್ನು ನೆನಪಿನ ಮೇಲೆ ತೀರ್ಮಾನಿಸಬಾರದು ಅಂತ ನಾನು ಗಟ್ಟಿ ಮಾಡಿಕೊಂಡೆ. ಆ ಎರಡು ದಿನ ಅವನಿಗೆ ಹೇಗಿರುತ್ತದೆ? ನೋಡಬೇಕಾದದ್ದು ಅಷ್ಟೇ.

ಹಾಗಾಗಿ ಮುಂಬೈಯನ್ನು ಅವನ ಎತ್ತರದಿಂದ ನೋಡಲು ಕೂತೆ. ಅವನ ದಿನ ಹೀಗಿದೆ: ಬೆಳಿಗ್ಗೆ ಆರಕ್ಕೆ ಏಳುತ್ತಾನೆ, ಹನ್ನೆರಡೂವರೆಗೆ ಊಟ, ಒಂದರಿಂದ ಮೂರರ ತನಕ ನಿದ್ದೆ. ಆ ನಿದ್ದೆ ತಪ್ಪಿದರೆ ಸಂಜೆ ಅವನಿಗೂ ಕಷ್ಟ, ಮನೆಮಂದಿಗೂ ಕಷ್ಟ. ನಡೆಯುತ್ತಾನೆ, ಆದರೆ ತನಗೆ ಬೇಕಾದ ದಿಕ್ಕಿಗೆ. ಗಾಡಿಯಲ್ಲಿ ಕೂರಿಸೋಣ ಅಂದರೆ ಫುಟ್‌ಪಾತ್ ಪ್ರತಿ ಐವತ್ತು ಹೆಜ್ಜೆಗೆ ಮುಗಿಯುತ್ತದೆ, ಅಂಗಡಿ ಶುರುವಾಗುತ್ತದೆ. ದಕ್ಷಿಣ ಮುಂಬೈಯ ಫೋರ್ಟ್, ಕೊಲಾಬಾ ಕಡೆ ಪರವಾಗಿಲ್ಲ, ಉಳಿದ ಕಡೆ ಎತ್ತಿಕೊಂಡೇ ನಡೆಯಬೇಕು. ಲೋಕಲ್ ರೈಲು ಒಂದು ಸ್ಟೇಷನ್‌ನಲ್ಲಿ ನಿಲ್ಲುವುದು ಅರ್ಧ ನಿಮಿಷ ಅಂದುಕೊಳ್ಳಿ. ಅಷ್ಟರಲ್ಲಿ ಚೀಲ, ಮಗಳು, ಮಗ ಮೂರನ್ನೂ ಹತ್ತಿಸಬೇಕು. ಗೇಟ್‌ವೇ ಆಫ್ ಇಂಡಿಯಾದಿಂದ ಗುಹೆಗಳಿರುವ ಎಲಿಫೆಂಟಾ ದ್ವೀಪಕ್ಕೆ ದೋಣಿಯಲ್ಲಿ ಹೋಗಲು ಹೆಚ್ಚು ಕಡಿಮೆ ಒಂದು ಗಂಟೆ, ಅಲ್ಲಿ ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. 2024ರ ಡಿಸೆಂಬರ್‌ನಲ್ಲಿ ಎಲಿಫೆಂಟಾ ಕಡೆ ಹೊರಟಿದ್ದ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಹೋದರು. ಅದರಲ್ಲಿ ಮಕ್ಕಳೂ ಇದ್ದರು. ಅಂಥದ್ದು ದಿನಾ ಆಗುವುದಿಲ್ಲ, ಗೊತ್ತು. ಆದರೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಸಿಗದ ಮಗುವನ್ನು ನಾನು ಸಮುದ್ರದ ಮೇಲೆ ಕೂರಿಸುವುದಿಲ್ಲ. ಎಲಿಫೆಂಟಾ ಇಬ್ಬರಿಗೂ ಬೇಡ ಅಂತ ಅಲ್ಲೇ ಕೈಬಿಟ್ಟೆ.

ಅದೇ ಊರನ್ನು ಮಗಳ ಎತ್ತರದಿಂದ ನೋಡಿದಾಗ ಚಿತ್ರವೇ ಬದಲಾಯಿತು. ಅವಳಿಗೆ ಮಧ್ಯಾಹ್ನದ ನಿದ್ದೆ ಬಿಟ್ಟು ಒಂದು ವರ್ಷ ದಾಟಿದೆ. ಮೆಟ್ಟಿಲು ಅಂದರೆ ಅವಳಿಗೆ ಆಟ. ಕಾಯಬೇಕು ಅಂದರೆ ಯಾಕೆ ಅಂತ ಕೇಳುತ್ತಾಳೆ, ಉತ್ತರ ಸಿಕ್ಕರೆ ಕಾಯುತ್ತಾಳೆ. ಬಾತ್‌ರೂಮಿಗೆ ಹೋಗಬೇಕಾದರೆ ಹತ್ತು ನಿಮಿಷ ಮೊದಲೇ ಹೇಳುತ್ತಾಳೆ, ದೊಡ್ಡ ಊರಿನಲ್ಲಿ ಇದು ಚಿಕ್ಕ ವಿಷಯವಲ್ಲ. ಅಲ್ಲದೆ ಅವಳಿಗೆ ಪ್ರಶ್ನೆಗಳಿವೆ. ಸಮುದ್ರದ ಪಕ್ಕದಲ್ಲೇ ಯಾಕೆ ಊರು ಕಟ್ಟಿದರು, ಡಬಲ್ ಡೆಕರ್ ಬಸ್ಸು ಬೀಳುವುದಿಲ್ಲವಾ, ಪೆಂಗ್ವಿನ್‌ಗೆ ಸೆಖೆ ಆಗುವುದಿಲ್ಲವಾ. ದೊಡ್ಡ ಊರು ಇಂಥ ಪ್ರಶ್ನೆಗಳಿರುವವರಿಗೇ ಸರಿ.

ಇಷ್ಟೆಲ್ಲ ಯೋಚಿಸಿದರೂ ಒಬ್ಬಳನ್ನು ಕರೆದುಕೊಂಡು ಒಬ್ಬನನ್ನು ಬಿಟ್ಟು ಹೋಗುವ ವಿಚಾರ ನನಗೆ ಹೊಳೆದಿರಲಿಲ್ಲ. ಅದನ್ನು ಹೇಳಿದ್ದು ನಮ್ಮಮ್ಮ. ಇಬ್ಬರನ್ನೂ ಬಿಟ್ಟು ನಾವಿಬ್ಬರೇ ಹೋಗುವುದು ಅಂತ ಒಂದು ಮಾತು ಬಂದಿತ್ತು. ಅಪ್ಪ ಅಮ್ಮ ತುಮಕೂರಿನಲ್ಲಿದ್ದಾರೆ, ಕರೆದರೆ ಬರುತ್ತಾರೆ. ನಮ್ಮ ಮನೆಗಳಲ್ಲಿ ಅಜ್ಜಿಯನ್ನು ಕೇಳುವ ಪದ್ಧತಿಯೇ ಇಲ್ಲ, ನೋಡಿ. "ಅಮ್ಮ ಇದಾರಲ್ಲ, ನೋಡ್ಕೋತಾರೆ" ಅಂತ ನಾವೇ ಹೇಳಿಬಿಡುತ್ತೇವೆ. ಮೊಮ್ಮಕ್ಕಳು ಅಂದರೆ ಖುಷಿ ತಾನೆ ಅಂತ ಸುಮ್ಮನಾಗುತ್ತೇವೆ. ಖುಷಿ ಇದೆ. ಮೊಣಕಾಲು ನೋವೂ ಇದೆ. ನಮ್ಮಮ್ಮನಿಗೆ ಅರವತ್ತು ದಾಟಿದೆ, ನೆಲದಿಂದ ಏಳಬೇಕಾದರೆ ಕುರ್ಚಿ ಹಿಡಿದುಕೊಳ್ಳಬೇಕು. ಎರಡು ತುಂಬದ ಹುಡುಗ ದಿನಕ್ಕೆ ಎಷ್ಟು ಸಲ "ಎತ್ತಿಕೋ" ಅನ್ನುತ್ತಾನೆ ಅಂತ ಸಾಕಿದವರಿಗೆ ಗೊತ್ತು.

ಅದಕ್ಕೆ ಫೋನಿನಲ್ಲಿ ಬೇಡ ಅಂತ, ಊರಿಗೆ ಹೋದಾಗ ಎದುರು ಕೂತು ಕೇಳಿದೆ. "ಅಮ್ಮ, ಸಂಕೋಚ ಬೇಡ. ಎರಡು ರಾತ್ರಿ ಇಬ್ಬರನ್ನೂ ನೋಡ್ಕೊಳ್ಳೋಕೆ ಆಗುತ್ತಾ?"

ಅಮ್ಮ ಸೊಪ್ಪು ಬಿಡಿಸುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. "ಒಬ್ಬನನ್ನ ನೋಡ್ಕೋತೀನಿ ಕಣೇ. ನಿಮ್ಮಪ್ಪನೂ ಇರ್ತಾರೆ. ಇಬ್ಬರಾದರೆ ಒಬ್ಬರ ಹಿಂದೆ ಓಡುವಾಗ ಇನ್ನೊಬ್ಬರು ಏನು ಮಾಡ್ತಿದಾರೋ ಅಂತ ನನಗೆ ಜೀವ ಇರಲ್ಲ. ದೊಡ್ಡವಳನ್ನ ಕರ್ಕೊಂಡು ಹೋಗು. ಅವಳು ನೋಡಲಿ."

ಅಮ್ಮ ತನ್ನ ಕೈಲಿ ಎಷ್ಟಾಗುತ್ತದೆ, ಎಷ್ಟಾಗುವುದಿಲ್ಲ ಅಂತ ನೇರವಾಗಿ ಹೇಳಿದ್ದು ನನಗೆ ದೊಡ್ಡ ಉಪಕಾರ. ಕೇಳದೇ ಇದ್ದಿದ್ದರೆ ಹೂಂ ಅಂದುಬಿಡುತ್ತಿದ್ದರು. ಆ ತಲೆಮಾರಿನ ಹೆಂಗಸರಿಗೆ ಆಗಲ್ಲ ಅನ್ನುವ ಅಭ್ಯಾಸವೇ ಇಲ್ಲ. ಮಕ್ಕಳನ್ನು ಬಿಟ್ಟು ಹೋಗುವ ಯೋಚನೆಯಲ್ಲಿರುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ: ಅಜ್ಜಿಯನ್ನು ನಿಜವಾಗಿ ಕೇಳಿ, ಬೇಡ ಅನ್ನಲು ಜಾಗ ಬಿಟ್ಟು ಕೇಳಿ.

ನಿರ್ಧಾರ ಅಲ್ಲಿಗೆ ಮುಗಿಯಲಿಲ್ಲ. ಒಬ್ಬಳನ್ನು ಕರೆದುಕೊಂಡು ಒಬ್ಬನನ್ನು ಬಿಟ್ಟು ಹೋಗುತ್ತೇವೆ ಅಂದಾಗ ಬಂದ ಮಾತುಗಳು ಇಬ್ಬರನ್ನೂ ಬಿಟ್ಟು ಹೋಗುತ್ತೇವೆ ಅಂದಿದ್ದಕ್ಕಿಂತ ಜೋರಾಗಿದ್ದವು. "ಭೇದ ಮಾಡಿದ ಹಾಗಾಗಲ್ವಾ?" "ಅಷ್ಟು ಚಿಕ್ಕದನ್ನ ಬಿಟ್ಟು ಹೋಗೋಕೆ ಮನಸ್ಸಾದರೂ ಹೇಗೆ ಬರುತ್ತೆ?" ಈ ಪ್ರಶ್ನೆಗಳೆಲ್ಲ ನನಗೇ ಬಂದವು. ಅದೇ ಮಗುವಿನ ಅಪ್ಪ ಗುರುವಾರವೇ ಮುಂಬೈಗೆ ಹೊರಟಿದ್ದರು, ಅವರನ್ನು ಒಬ್ಬರೂ ಕೇಳಲಿಲ್ಲ. ಇದು ನನಗೆ ನೋವು ಕೊಟ್ಟಿತು, ಈಗಲೂ ಕೊಡುತ್ತದೆ. ಇವರೂ ಅದನ್ನು ಗಮನಿಸಿದರು. ಮುಂದೆ ಯಾರಾದರೂ ಆ ಮಾತು ಎತ್ತಿದರೆ "ನಾವಿಬ್ಬರೂ ಸೇರಿ ತೀರ್ಮಾನ ಮಾಡಿದ್ದು" ಅಂತ ತಾವೇ ಮುಂದೆ ಬಂದು ಹೇಳತೊಡಗಿದರು.

ಭೇದದ ಮಾತಿಗೆ ನನ್ನ ಉತ್ತರ ಇದೆ. ಇಬ್ಬರಿಗೂ ಒಂದೇ ಕೊಡುವುದು ಸಮ ಅಲ್ಲ. ತಮ್ಮ ಹುಟ್ಟಿದ ಮೇಲೆ ನನ್ನ ಮಗಳು ಎಷ್ಟು ಕಾದಿದ್ದಾಳೆ ಅಂತ ನನಗೆ ಗೊತ್ತು. ಕಥೆ ಅರ್ಧಕ್ಕೆ ನಿಂತಿದೆ, ಪಾರ್ಕ್ ಅರ್ಧಕ್ಕೆ ಮುಗಿದಿದೆ, ತಮ್ಮ ಮಲಗಿದ್ದಾನೆ ಅಂತ ಪಿಸುಮಾತಿನಲ್ಲೇ ಮಧ್ಯಾಹ್ನಗಳನ್ನು ಕಳೆದಿದ್ದಾಳೆ. ಅವಳಿಗೆ ಎರಡು ದಿನ ಅಪ್ಪ ಅಮ್ಮ ಇಬ್ಬರೂ ಪೂರ್ತಿ ಸಿಗುವುದು ಅವಳ ಪಾಲು. ತಮ್ಮನಿಗೆ ಆ ಎರಡು ದಿನ ಅವನ ಹಾಸಿಗೆ, ಅವನ ಹೊತ್ತಿನ ಊಟ, ಅಜ್ಜಿಯ ಸೊಂಟ ಸಿಕ್ಕರೆ ಅದು ಅವನ ಪಾಲು.

ನನಗೆ ಒಂದೇ ಷರತ್ತು ಇತ್ತು. ರಾತ್ರಿ ಎದೆಹಾಲು ಬಿಟ್ಟು ಕೆಲವು ತಿಂಗಳಾಗಿರಬೇಕು. ಆಗಿತ್ತು. ಇನ್ನೂ ಕುಡಿಯುತ್ತಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಎರಡು ದಿನದ ಊರಿಗಾಗಿ ಹಾಲು ಬಿಡಿಸುವ ಮಾತೇ ಇಲ್ಲ. ಹಾಗೇ ಅಮ್ಮ ಅಪ್ಪ ಒಂದು ವಾರ ಮುಂಚೆಯೇ ಬಂದರು. ರಾತ್ರಿ ಮಲಗಿಸುವುದನ್ನು ಅಮ್ಮನಿಗೆ ಬಿಟ್ಟುಕೊಟ್ಟೆ. ಮೊದಲ ರಾತ್ರಿ ಅತ್ತ, ಮೂರನೇ ರಾತ್ರಿ ಅವರ ಸೆರಗು ಹಿಡಿದು ಮಲಗಿದ. ಮನೆಕೆಲಸಕ್ಕೆ ಬರುವವರಿಗೆ ಶನಿವಾರ ಭಾನುವಾರ ಮಧ್ಯಾಹ್ನದ ತನಕ ಇರಲು ಕೇಳಿಕೊಂಡೆ, ಅದಕ್ಕೆ ಬೇರೆ ದುಡ್ಡು ಕೊಟ್ಟೆ.

ಹೊರಡುವಾಗ "ಅವನ ಕಣ್ಣು ತಪ್ಪಿಸಿ ಹೋಗಿಬಿಡು" ಅಂದವರು ಸುಮಾರು ಜನ. ನಾನು ಹಾಗೆ ಮಾಡಲಿಲ್ಲ. ಎತ್ತಿಕೊಂಡು ಹೇಳಿದೆ, "ಅಮ್ಮ ಹೋಗ್ತೀನಿ, ಅಮ್ಮ ಬರ್ತೀನಿ." ಅತ್ತ. ನಾನು ಗೇಟು ದಾಟುವ ಹೊತ್ತಿಗೆ ನಿಲ್ಲಿಸಿದನಂತೆ. ಕಣ್ಣು ತಪ್ಪಿಸಿ ಹೋಗಿದ್ದರೆ ಅವನು ಅಳದೇ ಇರಬಹುದಿತ್ತು, ಆದರೆ ಕೋಣೆಯಿಂದ ಕೋಣೆಗೆ ಹುಡುಕುತ್ತಿದ್ದ. ಮಗು ಹುಡುಕುವುದಕ್ಕಿಂತ ಅಳುವುದು ವಾಸಿ ಅಂತ ನನ್ನ ನಂಬಿಕೆ.

ಮುಂಬೈಯಲ್ಲಿ ನಾವು ಇಳಿದದ್ದು ಟರ್ಮಿನಲ್ 2ರಲ್ಲಿ. ಅಲ್ಲಿಂದ ದಕ್ಷಿಣ ಮುಂಬೈಗೆ ಈಗ ನೆಲದಡಿಯ ಮೆಟ್ರೋ ಇದೆ. ಆರೆಯಿಂದ ಕಫ್ ಪರೇಡ್ ತನಕದ ಈ ಮೂರನೇ ಲೈನ್ 33 ಕಿಲೋಮೀಟರಿಗಿಂತ ಸ್ವಲ್ಪ ಉದ್ದ, 27 ನಿಲ್ದಾಣ. ಪೂರ್ತಿಯಾಗಿ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಮಕ್ಕಳಿರುವವರಿಗೆ ಇದರಿಂದ ಆಗಿರುವ ಅನುಕೂಲ ಸಣ್ಣದಲ್ಲ. ಮೊದಲಾದರೆ ಶುಕ್ರವಾರ ಸಂಜೆ ಏರ್‌ಪೋರ್ಟಿನಿಂದ ಫೋರ್ಟ್ ತನಕ ಟ್ಯಾಕ್ಸಿಯಲ್ಲಿ ಮಗು ವಾಂತಿ ಮಾಡದೇ ಬಂದರೆ ಅದೃಷ್ಟ. ಈಗ ಲಿಫ್ಟ್ ಇದೆ, ಏಸಿ ಇದೆ, ಸಿಎಸ್‌ಎಮ್‌ಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ರೈಲು ನಿಲ್ದಾಣ), ಹುತಾತ್ಮ ಚೌಕ, ಚರ್ಚ್‌ಗೇಟ್ ಎಲ್ಲಕ್ಕೂ ನಿಲ್ದಾಣ ಇದೆ. ನಾವು ಚರ್ಚ್‌ಗೇಟ್‌ನಲ್ಲಿ ಇಳಿದು ನಡೆದೇ ರೂಮು ಸೇರಿದೆವು. ಉಳಿಯುವ ಜಾಗ ಚಿಕ್ಕದಾದರೂ ಪರವಾಗಿಲ್ಲ, ನೋಡುವ ಜಾಗಕ್ಕೆ ಹತ್ತಿರ ಇರಲಿ ಅಂತ ಹುಡುಕಿದ್ದೆ. ಮಗುವಿನ ಕಾಲು ಸೋತಾಗ ಹತ್ತು ನಿಮಿಷದಲ್ಲಿ ಹಾಸಿಗೆ ಸಿಗಬೇಕು, ಅಷ್ಟಿದ್ದರೆ ಸಾಕು.

ಒಂದು ದಿನಕ್ಕೆ ಒಂದೇ ದೊಡ್ಡ ಜಾಗ ಅಂತ ನಿಯಮ ಇಟ್ಟುಕೊಂಡೆವು. ಶನಿವಾರ ಭಾಯಖಳಾದ ರಾಣಿಬಾಗ್ ಝೂ. 1860ರ ದಶಕದಲ್ಲಿ ಶುರುವಾದ ತೋಟ, ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ ಅಂತ ಹೆಸರು. ಬುಧವಾರ ರಜೆ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಇಲ್ಲಿಗೆ ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತಂದರು, ಆಮೇಲೆ ಇಲ್ಲೇ ಮರಿಗಳೂ ಆಗಿವೆ. ಮಗಳ ಸೆಖೆಯ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು: ಅವುಗಳ ಕೋಣೆಯನ್ನು ಸದಾ ತಣ್ಣಗೆ ಇಡುತ್ತಾರೆ. ಈ ಜಾತಿಯ ಪೆಂಗ್ವಿನ್‌ಗಳು ಹಿಮದಲ್ಲಿ ಇರುವವಲ್ಲ, ಪೆರು ಮತ್ತು ಚಿಲಿಯ ಕರಾವಳಿಯವು ಅಂತ ಇವರು ಹೇಳಿದಾಗ ಅವಳಿಗೆ ಆಶ್ಚರ್ಯ. "ಹಾಗಾದ್ರೆ ಇವಕ್ಕೆ ಐಸ್ ಗೊತ್ತಿಲ್ವಾ?" ಅಂತ ಗಾಜಿಗೆ ಮೂಗು ಒತ್ತಿಕೊಂಡು ನಿಂತಳು. ಹಿಂದೆ ಜನ ತಳ್ಳುತ್ತಿದ್ದರು, ಶನಿವಾರ ಅಲ್ವಾ. ಆದರೂ ನಾವು ಮತ್ತೆ ಸಾಲಿಗೆ ಬಂದು ಇನ್ನೊಂದು ಸಲ ಒಳಗೆ ಹೋದೆವು. ಜೊತೆಗೆ ತಮ್ಮ ಇದ್ದಿದ್ದರೆ ಆ ಎರಡನೇ ಸಲ ಇರುತ್ತಿರಲಿಲ್ಲ.

ಸಂಜೆ ಡಬಲ್ ಡೆಕರ್. ಹಳೇ ಕೆಂಪು ಡೀಸೆಲ್ ಡಬಲ್ ಡೆಕರ್‌ಗಳು 2023ರ ಸೆಪ್ಟೆಂಬರ್‌ಗೆ ನಿಂತುಹೋದವು. ಈಗ ಊರಿನ ಬಸ್ ಸಂಸ್ಥೆಯಾದ ಬೆಸ್ಟ್‌ನವರು ಬ್ಯಾಟರಿಯಲ್ಲಿ ಓಡುವ ಏಸಿ ಡಬಲ್ ಡೆಕರ್ ಓಡಿಸುತ್ತಾರೆ. ಮೇಲಿನ ಅಂತಸ್ತಿನ ಮುಂದಿನ ಸೀಟು ಖಾಲಿ ಇರುವ ಬಸ್ಸು ಬರುವ ತನಕ ಕಾದೆವು. ಒಂದು ಬಸ್ಸು ಬಿಟ್ಟೆವು, ಇನ್ನೊಂದು ಬಿಟ್ಟೆವು. ಕಾಯುವುದಕ್ಕೆ ಕಾರಣ ಅವಳಿಗೆ ಗೊತ್ತಿತ್ತು, ಅದಕ್ಕೇ ಬೇಸರ ಮಾಡಿಕೊಳ್ಳಲಿಲ್ಲ. ಮೇಲಿನಿಂದ ಮರದ ಕೊಂಬೆಗಳು ಗಾಜಿಗೇ ಬಡಿಯುವ ಹಾಗೆ ಬರುತ್ತವೆ. ಪ್ರತಿ ಕೊಂಬೆಗೂ ತಲೆ ಬಗ್ಗಿಸಿದಳು.

ಭಾನುವಾರ ಬೆಳಿಗ್ಗೆ ಲೋಕಲ್ ರೈಲು. ಇದು ನನ್ನ ಆಸೆ, ನಾನೇ ಹಟ ಹಿಡಿದದ್ದು. ಭಾನುವಾರ ಆಫೀಸಿನ ನೂಕುನುಗ್ಗಲು ಇರುವುದಿಲ್ಲ, ಆದರೆ ಹಳಿ ರಿಪೇರಿಗೆ ಅಂತ ಮೆಗಾ ಬ್ಲಾಕ್ ಮಾಡುತ್ತಾರೆ, ಅಂದರೆ ಕೆಲವು ಗಂಟೆ ಆ ಲೈನಿನ ರೈಲು ನಿಲ್ಲಿಸುತ್ತಾರೆ. ಯಾವ ಲೈನಿನಲ್ಲಿ, ಎಷ್ಟು ಹೊತ್ತಿಗೆ ಅಂತ ಮೊದಲೇ ತಿಳಿಸುತ್ತಾರೆ, ನೋಡಿಕೊಂಡು ಹೊರಡಬೇಕು. ಬೆಳಿಗ್ಗೆಯೇ ಸಿಎಸ್‌ಎಮ್‌ಟಿಯಿಂದ ಸ್ಲೋ ಲೋಕಲ್ ಹತ್ತಿ ಮಾಟುಂಗಾಕ್ಕೆ ಹೋದೆವು. ನಾವಿಬ್ಬರೂ ಹೆಂಗಸರ ಡಬ್ಬಿ, ಇವರು ಪಕ್ಕದ ಡಬ್ಬಿ. ಒಳಗೆ ಕ್ಲಿಪ್ಪು, ಸೇಫ್ಟಿ ಪಿನ್ನು ಮಾರುವವರು ಬಂದರು. ಒಬ್ಬ ಅಜ್ಜಿ ಮಗಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ನಾವು ರೈಲು ಹತ್ತಿದ, ಬೋರಿ ಬಂದರಿನ ಅರಮನೆಯಂಥ ಆ ನಿಲ್ದಾಣ 1880ರ ದಶಕದ್ದು, 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ ಅಂತೆಲ್ಲ ನಾನು ಓದಿಕೊಂಡು ಹೋಗಿದ್ದೆ. ಅವಳಿಗೆ ಅದು ಬೇಕಾಗಿರಲಿಲ್ಲ. ಗೋಡೆಯ ಮೇಲೆ ಕೆತ್ತಿದ ಪ್ರಾಣಿಗಳನ್ನು ಹುಡುಕುವುದರಲ್ಲಿ ಮುಳುಗಿದ್ದಳು. ನಾನೂ ವಿವರಣೆ ನಿಲ್ಲಿಸಿ ಅವಳ ಜೊತೆ ಹುಡುಕಿದೆ.

ಮಾಟುಂಗಾದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಉಡುಪಿ, ಮಂಗಳೂರು ಕಡೆಯವರು ಬಂದು ಹೋಟೆಲು ಕಟ್ಟಿದ ಜಾಗ. ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ನಡೆಯುತ್ತಿದೆ, ಬಾಳೆಎಲೆ ಊಟ. ಹಿಂದಿನ ದಿನವೆಲ್ಲ ಅವಳು ಸರಿಯಾಗಿ ತಿಂದಿರಲಿಲ್ಲ. ಇಲ್ಲಿ ಅನ್ನ ಸಾರು ಕಂಡಿದ್ದೇ ಎಲೆ ಖಾಲಿ ಮಾಡಿದಳು. ಬೇರೆ ಊರಿನಲ್ಲಿ ಮಕ್ಕಳ ಹೊಟ್ಟೆಗೆ ಹಿಡಿಸುವ ಒಂದು ಊಟದ ಜಾಗ ಮೊದಲೇ ಗೊತ್ತಿದ್ದರೆ ಅರ್ಧ ಚಿಂತೆ ಕಳೆದ ಹಾಗೆ.

ಮಧ್ಯಾಹ್ನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. 1922ರಲ್ಲಿ ಜನರಿಗೆ ತೆರೆದದ್ದು. ಅದರ ಅಂಗಳದಲ್ಲಿ 2019ರಿಂದ ಮಕ್ಕಳದೇ ಒಂದು ಮ್ಯೂಸಿಯಂ ಇದೆ. ದೊಡ್ಡ ಕಟ್ಟಡದಲ್ಲಿ ಒಂದೇ ಸಾಲಿನ ಕೋಣೆಗಳನ್ನು ನೋಡಿ ಹೊರಗೆ ಬಂದೆವು. ಎಲ್ಲ ನೋಡಬೇಕು ಅನ್ನುವ ಆಸೆ ನನಗಿತ್ತು. ಆದರೆ ಅವಳ ಹೆಜ್ಜೆ ನಿಧಾನವಾಗಿತ್ತು, ಅಂಗಳದ ಹುಲ್ಲಿನ ಮೇಲೆ ಕೂತಳು. ಗೇಟ್‌ವೇ ಅಲ್ಲಿಂದ ನಡೆಯುವಷ್ಟು ಹತ್ತಿರ. ಹೋಗಲಿಲ್ಲ.

ಮಗ? ಮೊದಲ ರಾತ್ರಿ ವಿಡಿಯೋ ಕಾಲ್ ಮಾಡಿದೆ. ಅಲ್ಲಿಯ ತನಕ ಆಡುತ್ತಿದ್ದವನು ನನ್ನ ಮುಖ ನೋಡಿದ್ದೇ ತುಟಿ ಸೊಟ್ಟ ಮಾಡಿಕೊಂಡ, ಫೋನಿನ ಹಿಂದೆ ಕೈ ಹಾಕಿ ಹುಡುಕಿದ. "ಇನ್ನು ಮೇಲೆ ಅವನು ಮಲಗಿದ ಮೇಲೆ ಮಾಡು" ಅಂದರು ಅಮ್ಮ. ಹಾಗೇ ಮಾಡಿದೆ. ಅವನು ಏನು ತಿಂದ, ಎಷ್ಟು ಹೊತ್ತು ಮಲಗಿದ ಅಂತ ಅಮ್ಮ ಹೇಳುವುದನ್ನು ಕೇಳಿಸಿಕೊಂಡು, ಅವನ ಮಲಗಿದ ಫೋಟೋ ತರಿಸಿಕೊಂಡು ನೋಡುತ್ತಿದ್ದೆ. ರಸ್ತೆಯಲ್ಲಿ ಅದೇ ವಯಸ್ಸಿನ ಮಗು ಕಂಡರೆ ಎದೆ ಹಿಂಡುತ್ತಿತ್ತು. ಬಿಟ್ಟು ಹೋದರೆ ಅಮ್ಮಂದಿರಿಗೆ ಹಗುರವಾಗುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಕೈ ಹಗುರವಾಗುತ್ತದೆ. ಮನಸ್ಸು ಎರಡೂ ಕಡೆ ಇರುತ್ತದೆ. ಅದನ್ನು ಹೊತ್ತುಕೊಂಡೇ ನಾನು ಖುಷಿಯಾಗಿದ್ದೆ, ಎರಡೂ ನಿಜ.

ಅಜ್ಜಿ ತಾತ ಹತ್ತಿರ ಇಲ್ಲದವರು, ಅಥವಾ ಅವರಿಗೂ ಆಗದವರು ಏನು ಮಾಡಬೇಕು? ಮುಂಬೈ, ದೆಹಲಿಯಂಥ ಊರನ್ನು ಎರಡು ದಿನಕ್ಕೆ ಎರಡು ತುಂಬದ ಮಗುವಿನ ಜೊತೆ ನೋಡಿ ಬನ್ನಿ ಅಂತ ನಾನಂತೂ ಹೇಳುವುದಿಲ್ಲ. ಅಪ್ಪ ಅಮ್ಮಂದಿರಲ್ಲಿ ಒಬ್ಬರು ದೊಡ್ಡ ಮಗುವಿನ ಜೊತೆ ಹೋಗಿ, ಇನ್ನೊಬ್ಬರು ಚಿಕ್ಕದರ ಜೊತೆ ಉಳಿಯಬಹುದು. ನಮ್ಮ ಗೆಳೆಯರ ಮನೆಯಲ್ಲಿ ಹಾಗೆ ಮಾಡುತ್ತಾರೆ, ಮುಂದಿನ ಸಲ ಅದಲು ಬದಲು. ಇಲ್ಲವೇ ಊರು ಬದಲಿಸಬೇಕು. ಚಿಕ್ಕ ಮಗುವಿಗೂ ಒಗ್ಗುವ ಊರುಗಳಿವೆ: ನೋಡುವ ಜಾಗಗಳು ಒಂದಕ್ಕೊಂದು ಹತ್ತಿರ ಇರಬೇಕು, ದೊಡ್ಡ ಮರಗಳಿರುವ ತೆರೆದ ಜಾಗ ಇರಬೇಕು, ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಮಲಗಲು ಆಗಬೇಕು.

ಮಗನಿಗಾಗಿ ನಾವು ನೋಡುತ್ತಿರುವುದು ಮೈಸೂರು. ಬೇಸಿಗೆಗೆ ಮೊದಲೇ, ನಾಲ್ವರೂ. ರೈಲಿನಲ್ಲಿ ಎರಡೂವರೆ ಮೂರು ಗಂಟೆ, ಐದು ತುಂಬದ ಮಕ್ಕಳಿಗೆ ಸೀಟು ಬೇಡದಿದ್ದರೆ ಟಿಕೆಟ್ಟೂ ಬೇಡ. ಆದರೂ ಅವನಿಗೆ ಸೀಟು ತೆಗೆಸುತ್ತೇನೆ, ತೊಡೆಯ ಮೇಲೆ ಮೂರು ಗಂಟೆ ಆಗದು. 1892ರಲ್ಲಿ ಶುರುವಾದ ಝೂ ಮಂಗಳವಾರ ರಜೆ, ಉಳಿದ ದಿನ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುತ್ತಾರೆ, ಅಷ್ಟು ಹೊತ್ತಿಗೆ ಹೋದರೆ ಬಿಸಿಲು ಏರುವ ಮೊದಲು ಜಿರಾಫೆ, ಆನೆ ನೋಡಿ ಬರಬಹುದು. ಬ್ಯಾಟರಿ ಗಾಡಿಯೂ ಇದೆ. ಕಾರಂಜಿ ಕೆರೆ ಪಕ್ಕದಲ್ಲೇ. ಮಗಳಿಗೆ ರೈಲ್ವೆ ಮ್ಯೂಸಿಯಂ ಬೇಕಂತೆ. ಅರಮನೆಯ ದೀಪ ಭಾನುವಾರ ಸಂಜೆ ಏಳಕ್ಕೆ ಹತ್ತಿಸುತ್ತಾರೆ, ಮಗ ಮಲಗುವುದು ಎಂಟಕ್ಕೆ. ಅದಕ್ಕೆ ಅರಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ರೂಮನ್ನೇ ಹುಡುಕುತ್ತಿದ್ದೇವೆ. ಅಮ್ಮನನ್ನೂ ಕರೆದಿದ್ದೇನೆ. ಬರುತ್ತೀನಿ, ಆದರೆ ಬೆಟ್ಟದ ಮೆಟ್ಟಿಲು ಹತ್ತಿಸಬೇಡಿ, ಬಸ್ಸಿನಲ್ಲಿ ಹೋಗೋಣ ಅಂದಿದ್ದಾರೆ.